ಕಾಮಿಕ್ಸ್ ಕಥೆಯನ್ನೇ ಮರೆತ ಕಾದಂಬರಿ: ವಾಪಸ್ ಕೊಡಲಾ, ಬರೆದವರಿಗೆ ಬೈದು ಪತ್ರ ಹಾಕಲಾ?

ಕಾಮಿಕ್ಸ್ ಪಾತ್ರಗಳನ್ನಿಟ್ಟು ಬರೆದ ಕಾದಂಬರಿ ಓದಿ, "ಕಾಮಿಕ್ಸ್‌ನಲ್ಲಿ ಮೊದಲೇ ತೀರ್ಮಾನವಾದ ಕಥೆಯನ್ನು ಕೆಡಿಸಿದ್ದಾರೆ, ಪುಸ್ತಕ ವಾಪಸ್ ಕೊಡಲಾ, ಬೈದು ಪತ್ರ ಹಾಕಲಾ" ಅಂತ ಕೇಳಿದ್ದೀರಿ. ಮೊದಲು ಕೈಯಲ್ಲಿರುವ ಪೆನ್ನು ಕೆಳಗಿಡಿ. ನಾನು ಇಡಲಿಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ನನ್ನದು ಬ್ಯಾಟ್‌ಮನ್ ಹುಚ್ಚು. ಕಾದಂಬರಿಯ ಹೆಸರು ಬೇಡ ಬಿಡಿ. ಬ್ಯಾಟ್‌ಮನ್‌ನ ಜೊತೆಗಾರ ಹುಡುಗನಿಗೆ ರಾಬಿನ್ ಅಂತ ಹೆಸರು, ಒಬ್ಬನಾದ ಮೇಲೆ ಇನ್ನೊಬ್ಬ ಆ ಹೆಸರು ಹೊರುತ್ತಾನೆ. ಅದರಲ್ಲಿ ಎರಡನೇ ರಾಬಿನ್ ಜೇಸನ್ ಟಾಡ್ ಸರ್ಕಸ್ ಹುಡುಗ ಅಂತ ಇತ್ತು. ನಾನು ಓದಿದ್ದ ಕಾಮಿಕ್ಸ್‌ನಲ್ಲಿ ಸರ್ಕಸ್‌ನಿಂದ ಬಂದವನು ಮೊದಲ ರಾಬಿನ್, ಡಿಕ್ ಗ್ರೇಸನ್. ಜೇಸನ್ ಬೀದಿಯಲ್ಲಿ ಬೆಳೆದವನು, ಬ್ಯಾಟ್‌ಮನ್‌ನ ಕಾರು ಬ್ಯಾಟ್‌ಮೊಬೈಲ್‌ನ ಟೈರ್ ಬಿಚ್ಚುವಾಗ ಸಿಕ್ಕಿಬಿದ್ದವನು. ಕತ್ತಲಲ್ಲಿ ನಿಂತ ಆ ಕಾರು ನೋಡಿ ಊರಿನ ಕಳ್ಳರೆಲ್ಲ ಓಡಿಹೋಗುತ್ತಾರೆ, ಈ ಪುಟ್ಟ ಹುಡುಗ ಮಾತ್ರ ಟೈರಿಗೆ ಎಷ್ಟು ಸಿಗುತ್ತೆ ಅಂತ ಲೆಕ್ಕ ಹಾಕುತ್ತಾನೆ, ಎಂಥ ಗುಂಡಿಗೆ ಅಲ್ವಾ? ಅದನ್ನೇ ತೆಗೆದು ಹಾಕಿದ್ದಾರೆ ಅಂತ ಮೈಯೆಲ್ಲ ಉರಿದುಹೋಯಿತು.

ಕೆಂಪು ಬಾಲ್‌ಪೆನ್ ತಗೊಂಡೆ. ಪುಟದ ಅಂಚಿನಲ್ಲಿ "ಸುಳ್ಳು. ಇದು ಡಿಕ್ ಕಥೆ" ಅಂತ ಬರೆದು ಕೆಳಗೆ ಎರಡು ಗೆರೆ ಎಳೆದೆ. ಆಮೇಲೆ ಕೈ ನಿಲ್ಲಲೇ ಇಲ್ಲ. ಪುಸ್ತಕ ಮುಗಿಯುವ ಹೊತ್ತಿಗೆ ಕೆಂಪು ಕಾಣದ ಪುಟಗಳೇ ಕಡಿಮೆ.

ಇಲ್ಲಿಯವರೆಗೂ ಮಾಡಿದ್ದು ಹುಚ್ಚಾಟ, ತಪ್ಪಲ್ಲ. ತಪ್ಪು ಆಮೇಲಿನದು. "ಬ್ಯಾಟ್‌ಮನ್ ಎಲ್ಲಿಂದ ಓದಲಿ" ಅಂತ ತಂಗಿ ಕೇಳಿದಾಗ ಅದೇ ಪ್ರತಿ ಕೊಟ್ಟೆ. ಯಾಕೆ ಕೊಟ್ಟೆ ಅಂತ ಈಗಲೂ ಯೋಚಿಸುತ್ತೇನೆ. ಮನೆಯಲ್ಲಿ ಒಳ್ಳೆಯ ಕಾಮಿಕ್ಸ್ ಒಂದು ಕಪಾಟು ತುಂಬ ಇತ್ತು, ಅದರಲ್ಲಿ ಒಂದನ್ನು ಕೊಟ್ಟಿದ್ದರೆ ಮುಗಿದಿತ್ತು. ಪೆನ್ಸಿಲ್‌ನಲ್ಲಿ ಬರೆದಿದ್ದರೂ ಅಳಿಸಿ ಕೊಡಬಹುದಿತ್ತು. ನಿಜ ಹೇಳಬೇಕು ಅಂದರೆ, ಅವಳು ಕಾದಂಬರಿ ಓದಲಿ ಅಂತ ಅಲ್ಲ, ನನ್ನ ಕೆಂಪು ಅಕ್ಷರ ಓದಿ "ಅಬ್ಬಾ, ಅಣ್ಣನಿಗೆ ಎಷ್ಟು ಗೊತ್ತು" ಅನ್ನಲಿ ಅಂತ ಕೊಟ್ಟೆ. ನಾಲ್ಕು ದಿನಕ್ಕೆ ಪುಸ್ತಕ ವಾಪಸ್ ಬಂತು. "ಅಣ್ಣ, ಕೆಂಪಲ್ಲಿ ಬರೆದಿರೋದು ಬಿಟ್ಟು ಉಳಿದಿದ್ದೆಲ್ಲ ನಿಜಾನಾ? ಯಾವುದನ್ನ ನಂಬಲಿ?" ಅಂದಳು. ಇದೇನೋ ಪರೀಕ್ಷೆ ಥರ ಇದೆ ಅನ್ನಿಸಿರಬೇಕು, ಆ ಕಪಾಟಿನ ಕಡೆ ಮತ್ತೆ ಬರಲೇ ಇಲ್ಲ.

ಇನ್ನೂ ಇದೆ. ಎಷ್ಟೋ ದಿನದ ಮೇಲೆ ಹಳೆಯ ಸಂಚಿಕೆಗಳ ಸಂಕಲನ ಸಿಕ್ಕಿತು. 1983ರಲ್ಲಿ ಜೇಸನ್ ಮೊದಲ ಸಲ ಕಾಣಿಸಿಕೊಂಡಾಗ ಅವನೂ ಸರ್ಕಸ್ ಹುಡುಗನೇ! ಅಪ್ಪ ಅಮ್ಮ ಟ್ರಪೀಜ್ ಆಡುವವರು, ಕಿಲ್ಲರ್ ಕ್ರಾಕ್ ಅನ್ನೋ ಖಳನ ಕೈಯಲ್ಲಿ ಸತ್ತವರು. 1985-86ರಲ್ಲಿ ಬ್ಯಾಟ್‌ಮನ್ ಕಾಮಿಕ್ಸ್ ಪ್ರಕಟಿಸುವ ಡಿಸಿಯವರು 12 ಸಂಚಿಕೆಗಳ 'ಕ್ರೈಸಿಸ್ ಆನ್ ಇನ್ಫೈನೈಟ್ ಅರ್ತ್ಸ್'ನಲ್ಲಿ ತಮ್ಮ ಲೋಕವನ್ನೇ ಒರೆಸಿ ಹೊಸದಾಗಿ ಶುರು ಮಾಡಿದರು. ನಾನು ಪ್ರಾಣ ಬಿಡುತ್ತಿದ್ದ ಟೈರ್ ಕಳ್ಳನ ಕಥೆ ಬಂದಿದ್ದು ಅದಾದ ಮೇಲೆ, 1987ರಲ್ಲಿ. ಅಂದರೆ ಕಾದಂಬರಿ ಬರೆದವರು ನನಗಿಂತ ಹಳೆಯದನ್ನು ಓದಿದ್ದರು, ಸುಳ್ಳು ಬರೆದಿದ್ದು ನಾನು.

ಹಾಗಾಗಿ "ಮೊದಲೇ ತೀರ್ಮಾನವಾದ ಕಥೆಯನ್ನು ಕೆಡಿಸಿದ್ದಾರೆ" ಅನ್ನೋ ನಿಮ್ಮ ಮಾತನ್ನು ನಾನು ಒಪ್ಪಲ್ಲ. ಎಲ್ಲಿ ತೀರ್ಮಾನವಾಗಿದೆ ಹೇಳಿ? ಇದೇ ಜೇಸನ್ ಸಾಯಬೇಕಾ ಬೇಡವಾ ಅಂತ 1988ರಲ್ಲಿ ಓದುಗರಿಂದ ಫೋನ್ ಮಾಡಿಸಿದರು. ಸಾಯಲಿ ಅಂದವರು 5,343, ಬದುಕಲಿ ಅಂದವರು 5,271. 72 ಫೋನಿಗೆ ಹುಡುಗ ಸತ್ತ. 2005ರಲ್ಲಿ ಕಾಮಿಕ್ಸ್‌ನವರೇ ಅವನನ್ನು ಎಬ್ಬಿಸಿ ಕರೆತಂದರು. ಇವರು ಮಾಡಿದರೆ ಕಥೆ, ಕಾದಂಬರಿಯವರು ಮಾಡಿದರೆ ಅಪಚಾರ!

ಬೈಯಲೇಬೇಕು ಅಂದರೆ ಬೇರೆ ಕಾರಣ ಹುಡುಕಿ. ನನ್ನ ಪುಸ್ತಕದಲ್ಲಿ, ಹಿಂದೆ ಬ್ಯಾಟ್‌ಗರ್ಲ್ ಆಗಿದ್ದ ಬಾರ್ಬರಾ ಗಾರ್ಡನ್ ಒಂದು ಅಧ್ಯಾಯದಲ್ಲಿ ಗಾಲಿಕುರ್ಚಿಯಲ್ಲಿ ಕೂತು ಕಂಪ್ಯೂಟರ್ ನೋಡಿಕೊಳ್ಳುತ್ತಾಳೆ, ನಾಲ್ಕು ಅಧ್ಯಾಯ ಆದಮೇಲೆ ಯಾವ ವಿವರಣೆಯೂ ಇಲ್ಲದೆ ಮಹಡಿಯಿಂದ ಮಹಡಿಗೆ ಹಾರುತ್ತಾಳೆ. ಕಾಮಿಕ್ಸ್‌ಗೆ ಹೊಂದದಿದ್ದರೆ ಹೋಗಲಿ, ತನ್ನ ಹಿಂದಿನ ಪುಟಕ್ಕೂ ಹೊಂದಲ್ಲ ಅಂದರೆ ಅದು ಸೋಮಾರಿತನ. ಆ ಪುಟದಲ್ಲಿ ನಾನು ಏನೂ ಬರೆದಿರಲಿಲ್ಲ ಅನ್ನೋದು ಬೇರೆ ವಿಷಯ, ಅಷ್ಟು ಹೊತ್ತಿಗೆ ಇಸವಿ ಹುಡುಕೋದರಲ್ಲೇ ಮುಳುಗಿದ್ದೆ.

ಪತ್ರ ಬೇಡ. ಇಂಥ ಕಾದಂಬರಿ ಬರೆಯುವವರಿಗೆ ಪಾತ್ರಗಳು ಸ್ವಂತದ್ದಲ್ಲ, ಮಾಲೀಕರು ಒಪ್ಪಿದ್ದು ಮಾತ್ರ ಅಚ್ಚಾಗುತ್ತದೆ. ಮುಂದಿನ ಸಲ ತಗೊಳ್ಳುವ ಮುಂಚೆ ಬರೆದವರು ಯಾರು ನೋಡಿ. 1993ರಲ್ಲಿ ಸೂಪರ್‌ಮನ್ ಸಾವಿನ ಕಾದಂಬರಿ ಬರೆದ ರೋಜರ್ ಸ್ಟರ್ನ್ ಆ ಕಾಮಿಕ್ಸ್ ಬರೆಯುತ್ತಿದ್ದವರೇ. 1994ರ 'ನೈಟ್‌ಫಾಲ್' ಕಾದಂಬರಿ ಆಗ ಬ್ಯಾಟ್‌ಮನ್ ಕಾಮಿಕ್ಸ್‌ನ ಸಂಪಾದಕರಾಗಿದ್ದ ಡೆನ್ನಿಸ್ ಓನೀಲ್ ಅವರದು. ಅಂಥವು ಸಿಕ್ಕರೆ ಕಣ್ಣು ಮುಚ್ಚಿ ತಗೊಳ್ಳಿ.

ವಾಪಸ್ ಕೊಡೋದು ನಿಮ್ಮಿಷ್ಟ, ಅದರ ಮೇಲೆ ಏನೂ ಗೀಚಿಲ್ಲ ಅಂದರೆ. ನನ್ನ ಪ್ರತಿ ಇನ್ನೂ ಇಲ್ಲೇ ಇದೆ. "ಸುಳ್ಳು" ಅನ್ನೋದರ ಪಕ್ಕ ಆಮೇಲೆ ನೀಲಿ ಪೆನ್ನಲ್ಲಿ "1983, ಕ್ಷಮಿಸಿ" ಅಂತ ಬರೆದು ತಂಗಿಗೆ ತೋರಿಸೋಕೆ ಹೋದೆ. "ಇನ್ನೂ ಅದೇನಾ ಅಣ್ಣ?" ಅಂದಳು.