ಸಂಪಾದಕರ ಉತ್ತರ: ಎಐ ಸುರಕ್ಷತೆಯ ಪರೀಕ್ಷೆ ಕನ್ನಡದಲ್ಲೂ ನಡೆಯಲಿ

ಮುಧೋಳದ ಹಿರಿಯರೇ, ನಮಸ್ಕಾರ.

ದಾಳಿಂಬೆ ಎಲೆ ಮೇಲೆ ಚುಕ್ಕಿ ಕಂಡರೆ ನಿಮ್ಮ ಮಗ ಮೊಬೈಲಿನಲ್ಲಿ ಫೋಟೊ ತೆಗೆದು ಎಐಗೆ (ಕೃತಕ ಬುದ್ಧಿಮತ್ತೆಗೆ) ಕನ್ನಡದಲ್ಲೇ ಕೇಳುತ್ತಾನೆ, ಅದು ರೋಗದ ಹೆಸರು, ಔಷಧಿ, ಲೀಟರಿಗೆ ಎಷ್ಟು ಗ್ರಾಂ ಎಂಬುದನ್ನೆಲ್ಲ ಹೇಳುತ್ತದೆ ಎಂದು ಬರೆದಿದ್ದೀರಿ. ಜೊತೆಗೆ, ‘ಎಐಗೆ ಕಡಿವಾಣ ಹಾಕೋದು ಅಮೆರಿಕ, ದಿಲ್ಲಿಯವರ ಕೆಲಸ. ನಮಗೇನು ಸಂಬಂಧ? ಸುಮ್ನೆ ನಿಯಮ ತಂದು ಇದನ್ನೂ ನಿಲ್ಲಿಸ್ತಾರೆ’ ಎಂದೂ ಕೇಳಿದ್ದೀರಿ.

ಸಂಬಂಧ ಇದೆ. ನೀವು ಘಟಪ್ರಭೆ ದಂಡೆಯವರು. ಹಿಡಕಲ್ ಅಣೆಕಟ್ಟು ಇರುವುದು ಬೆಳಗಾವಿ ಜಿಲ್ಲೆಯಲ್ಲಿ. ಅಲ್ಲಿ ಜಾಸ್ತಿ ನೀರು ಬಿಟ್ಟರೆ ಮುಳುಗುವುದು ನಿಮ್ಮ ಕಡೆಯ ಹೊಲ, ಅಲ್ವಾ? ಅದಕ್ಕೇ 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ತಪಾಸಣೆ ಕಡ್ಡಾಯ ಮಾಡಿದೆ. ಅಣೆಕಟ್ಟಿನ ಮಾಲೀಕರ ಮೇಲೆ ಕಣ್ಣಿಡಲು ರಾಜ್ಯದಲ್ಲೂ ದಿಲ್ಲಿಯಲ್ಲೂ ಬೇರೆ ಸಂಸ್ಥೆಗಳಿವೆ.

ಎಐಗೆ ಇಂಥ ವ್ಯವಸ್ಥೆ ಈಗಷ್ಟೇ ಶುರುವಾಗಿದೆ. ತಮ್ಮ ಎಐ ಜೈವಿಕ ಅಸ್ತ್ರ ಮಾಡುವವರಿಗೆ, ಸೈಬರ್ ದಾಳಿ ನಡೆಸುವವರಿಗೆ ನೆರವಾಗಬಹುದೇ ಎಂದು ದೊಡ್ಡ ಕಂಪನಿಗಳು ಹೆಚ್ಚಾಗಿ ತಾವೇ ಪರೀಕ್ಷಿಸಿಕೊಳ್ಳುತ್ತವೆ. ಯುರೋಪಿನ ಎಐ ಕಾಯ್ದೆ 2024ರ ಆಗಸ್ಟ್ 1ರಂದು ಜಾರಿಗೆ ಬಂತು. ಕ್ಯಾಲಿಫೋರ್ನಿಯಾದ 2025ರ ಕಾನೂನಿನಂತೆ ಗಂಭೀರ ಸುರಕ್ಷತಾ ಘಟನೆ ನಡೆದರೆ ಕಂಪನಿ 15 ದಿನದೊಳಗೆ ಸರ್ಕಾರಕ್ಕೆ ತಿಳಿಸಬೇಕು. ಅಪಾಯವನ್ನು ಬಯಲಿಗೆ ತಂದ ನೌಕರರಿಗೆ ರಕ್ಷಣೆಯೂ ಇದೆ, ಇದು ನನಗೆ ತುಂಬಾ ಹಿಡಿಸಿತು. ನಮ್ಮ ಕೇಂದ್ರ ಸರ್ಕಾರ 2025ರ ನವೆಂಬರಿನಲ್ಲಿ ಮಾರ್ಗಸೂಚಿ ಹೊರಡಿಸಿತು. ಸದ್ಯಕ್ಕೆ ಪ್ರತ್ಯೇಕ ಕಾನೂನು ಬೇಡ ಎಂಬುದು ಅದರ ನಿಲುವು. ಇದು ಸಾಲದು. ಮಾರ್ಗಸೂಚಿ ಪಾಲಿಸದಿದ್ದರೆ ಯಾರೂ ದಂಡ ಕಟ್ಟಬೇಕಿಲ್ಲ.

ನನ್ನ ನಿದ್ದೆ ಕೆಡಿಸಿದ್ದು ಮಾತ್ರ ಬೇರೆ ಸಂಗತಿ. 2023ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು ಜಿಪಿಟಿ-4 ಎಂಬ ಎಐಗೆ ಅಪಾಯಕಾರಿ ಪ್ರಶ್ನೆಗಳನ್ನು ಕೇಳಿದರು. ಇಂಗ್ಲಿಷಿನಲ್ಲಿ ಕೇಳಿದಾಗ ಅದು ಹೆಚ್ಚುಕಡಿಮೆ ಎಲ್ಲಕ್ಕೂ ‘ಆಗಲ್ಲ’ ಎಂದಿತು. ಅವೇ ಪ್ರಶ್ನೆಗಳನ್ನು ಜುಲು, ಸ್ಕಾಟ್ಸ್ ಗೇಲಿಕ್‌ನಂಥ, ಅಂತರ್ಜಾಲದಲ್ಲಿ ಬರಹ ಕಡಿಮೆ ಇರುವ ಭಾಷೆಗಳಿಗೆ ಅನುವಾದಿಸಿ ಒಂದಾದ ಮೇಲೊಂದರಲ್ಲಿ ಕೇಳಿ ನೋಡಿದರು. ನೂರಕ್ಕೆ 79 ಪ್ರಶ್ನೆಗಳಲ್ಲಿ ತಡೆ ಮುರಿದುಬಿತ್ತು! ಆ ಪರೀಕ್ಷೆಯಲ್ಲಿ ಕನ್ನಡ ಇರಲೇ ಇಲ್ಲ. ಆಮೇಲೆ ಎಐಗಳು ಸುಧಾರಿಸಿವೆ, ನಿಜ. ಆದರೆ ಕನ್ನಡದಲ್ಲಿ ಆ ತಡೆ ಎಷ್ಟು ಗಟ್ಟಿ ಎಂದು ತೋರಿಸುವ ಹೊಣೆಯನ್ನು ನಮ್ಮ ಯಾವ ಕಾನೂನೂ ಕಂಪನಿಗಳ ಮೇಲೆ ಹೊರಿಸಿಲ್ಲ.

ನಾನು ಕೇಳುವುದು ಇಷ್ಟೇ. ಕನ್ನಡಿಗರಿಗೆ ಎಐ ಕೊಡುವ ಕಂಪನಿ ಕನ್ನಡದಲ್ಲೂ ಪರೀಕ್ಷೆಗೆ ಒಳಗಾಗಲಿ. ಪರೀಕ್ಷಿಸುವವರು ಹೊರಗಿನವರಿರಲಿ. ಫಲಿತಾಂಶ ಎಲ್ಲರಿಗೂ ಸಿಗಲಿ. ಎಐ ಸುರಕ್ಷತಾ ಸಂಸ್ಥೆ ಮಾಡುವುದಾಗಿ ಕೇಂದ್ರ 2025ರ ಜನವರಿಯಲ್ಲಿ ಹೇಳಿದೆ, ಈ ಕೆಲಸ ಅದರ ಪಾಲಿಗೆ ಬರಲಿ. ಆ ಪರೀಕ್ಷೆಗೆ ಬೆಳೆ, ಔಷಧಿಯ ಪ್ರಶ್ನೆಗಳನ್ನೂ ಬರೆದುಕೊಡಲು ನಮ್ಮ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯಕ್ಕಿಂತ ತಕ್ಕವರು ಯಾರಿದ್ದಾರೆ? ಇದರಿಂದ ನಿಮ್ಮ ಮಗನ ಮೊಬೈಲಿಗೆ ಯಾವ ಅಡ್ಡಿಯೂ ಇಲ್ಲ. ಕೆಲಸ ಬೀಳುವುದು ಕಂಪನಿಗೆ.

ಇದನ್ನೇ ಬರೆದು ನಮ್ಮ ಸಂಸದರಿಗೆ ಕಳಿಸುತ್ತಿದ್ದೇನೆ. ನಿಮ್ಮ ಕಡೆಯ ದಾಳಿಂಬೆ ಬೆಳೆಗಾರರು ಸಹಿ ಹಾಕುವುದಾದರೆ ತಿಳಿಸಿ, ಪ್ರತಿ ಕಳಿಸುತ್ತೇನೆ.

– ಸಂಪಾದಕ