ಎಂಟು ಊರು ಬೇಡ, ಒಂದು ನದಿ ಸಾಕು

ಪ್ರಶ್ನೆ: ಜೂನ್‌ನಲ್ಲಿ ನಾನು, ನನ್ನ ಹೆಂಡತಿ ಹತ್ತು ದಿನ ಫ್ರಾನ್ಸಿನ ಹಳ್ಳಿಗಳನ್ನು ಕಾರಿನಲ್ಲಿ ಸುತ್ತಬೇಕು ಅಂತಿದ್ದೇವೆ. ಎಂಟು ಊರು ಪಟ್ಟಿ ಮಾಡಿದ್ದೇನೆ. ಸರಿ ಇದೆಯಾ?
– ಓದುಗರು, ಮೈಸೂರು

ಉತ್ತರ: ಎಂಟು ಜಾಸ್ತಿ ಆಯ್ತು ಸರ್. ದಿನಾ ಪೆಟ್ಟಿಗೆ ಕಟ್ಟೋದೇ ಕೆಲಸವಾಗುತ್ತೆ. ನೈಋತ್ಯ ಫ್ರಾನ್ಸಿನ ದೋರ್ದೋನ್ ನದಿಯ ಕಣಿವೆ ಒಂದನ್ನೇ ಹಿಡಿಯಿರಿ. ಪ್ಯಾರಿಸ್‌ನಿಂದ ಬೋರ್ದೋ ನಗರಕ್ಕೆ ವೇಗದ ರೈಲಿನಲ್ಲಿ ಎರಡು ತಾಸು ಚಿಲ್ಲರೆ. ಕಾರು ಅಲ್ಲೇ ತೆಗೆದುಕೊಳ್ಳಿ, ಆಟೋಮ್ಯಾಟಿಕ್ ಬೇಕೆಂದು ಮೊದಲೇ ಹೇಳಿ. ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಇಲ್ಲಿಂದಲೇ ಮಾಡಿಸಿಕೊಂಡು ಹೋಗಿ.

ಸಾರ್ಲಾ ಊರಿನ ಹತ್ತಿರ ಒಂದು ಹಳ್ಳಿ ಮನೆ ಬಾಡಿಗೆಗೆ ಹಿಡಿಯಿರಿ. ಬುಧವಾರ, ಶನಿವಾರ ಅಲ್ಲಿ ಸಂತೆ. ನಾನು ಹೋದಾಗ ಅಲ್ಲಿಂದ ಅಕ್ರೋಟು, ಸ್ಟ್ರಾಬೆರಿ, ಮೇಕೆ ಹಾಲಿನ ಪುಟ್ಟ ಚೀಸ್ ತಂದು ಹೊಳೆ ದಂಡೆಯಲ್ಲಿ ಕೂತು ತಿಂದೆ. ಆ ಮಧ್ಯಾಹ್ನ ಇನ್ನೂ ಕಣ್ಣಲ್ಲಿದೆ. ಬೆನಾಕ್ ಕೋಟೆ ಹತ್ತಿರದಲ್ಲೇ ಇದೆ. ಆದಿಮಾನವರು ಬರೆದ ಚಿತ್ರಗಳಿರುವ ಲಾಸ್ಕೋ ಗುಹೆಯನ್ನು 1963ರಲ್ಲೇ ಮುಚ್ಚಿದರು, ಜನರ ಉಸಿರಿಗೆ ಚಿತ್ರಗಳು ಹಾಳಾಗುತ್ತಿದ್ದವು. ಪಕ್ಕದಲ್ಲಿ ಕಟ್ಟಿರುವ ಪ್ರತಿರೂಪ ನೋಡಿ, ಮೈ ಜುಮ್ಮೆನ್ನುತ್ತದೆ.

ಮಧ್ಯಾಹ್ನ 12ರಿಂದ 2ರವರೆಗೆ ಹಳ್ಳಿ ಅಂಗಡಿಗಳು ಸಾಮಾನ್ಯವಾಗಿ ಮುಚ್ಚಿರುತ್ತವೆ, ಬೆಳಿಗ್ಗೆಯೇ ಬ್ರೆಡ್ ತಂದಿಡಿ. ಗಾಡಿ ಓಡಿಸೋದು ರಸ್ತೆಯ ಬಲಗಡೆ, ಅಲ್ವಾ? ಬೋರ್ಡು ಇಲ್ಲದ ಕೂಡುರಸ್ತೆಯಲ್ಲಿ ಬಲದಿಂದ ಬರುವವರಿಗೆ ದಾರಿ ಬಿಡಬೇಕು. ಇದನ್ನು ಮಾತ್ರ ಮರೆಯಬೇಡಿ.