ಹಸಿವನ್ನೇ ಶಿಕ್ಷೆ ಮಾಡಿಕೊಂಡ ರೈಟರ್: ಒಂದು ಆಪ್ತಸಲಹೆ ಪ್ರಕರಣ

ಕೊಡಗಿನ ಸಿದ್ದಾಪುರದ ಕಡೆಯ ತೋಟಗಳಲ್ಲಿ ರೊಬಸ್ಟಾ ಕಾಫಿಯ ಕೊಯ್ಲು ಭರದಿಂದ ನಡೆದಿದ್ದ ಜನವರಿಯಲ್ಲಿ, ಆಳುಗಳ ಹಾಜರಿ, ಲೆಕ್ಕ ಬರೆಯುವ 43 ವರ್ಷದ ತೋಟದ ರೈಟರೊಬ್ಬರನ್ನು ಅವರ ಹೆಂಡತಿ ನನ್ನ ಬಳಿಗೆ ಕರೆತಂದರು. ನಾಲ್ಕು ದಿನಗಳ ಹಿಂದೆ, ಸಂಜೆ ಆಳುಗಳು ಕೊಯ್ದು ತಂದ ಹಣ್ಣಿನ ಚೀಲಗಳನ್ನು ತೂಕಕ್ಕೆ ಇಡಿಸುತ್ತಿದ್ದಾಗ ಅವರ ಕೈ ನಡುಗಿ, ಮೈ ಬೆವೆತು, ಪುಸ್ತಕದಲ್ಲಿ ಬರೆದ ಅಂಕಿಯನ್ನೇ ಮತ್ತೆ ಮತ್ತೆ ಬರೆಯುತ್ತ ಕುಸಿದು ಬಿದ್ದಿದ್ದರು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದಾಗ ರಕ್ತದ ಸಕ್ಕರೆ 52ಕ್ಕೆ ಇಳಿದಿತ್ತು. ಅಲ್ಲಿ ಚಿಕಿತ್ಸೆ ಕೊಟ್ಟ ವೈದ್ಯರೇ, ಇದು ಮಾತ್ರೆಯಿಂದ ಮಾತ್ರ ಸರಿಹೋಗುವ ವಿಷಯವಲ್ಲ, ಒಮ್ಮೆ ಆಪ್ತಸಲಹೆಗೂ ಹೋಗಿ ಎಂದು ಚೀಟಿ ಬರೆದುಕೊಟ್ಟಿದ್ದರು. ಈ ಪ್ರಕರಣವನ್ನು ಬರೆಯಲು ಗಂಡಹೆಂಡತಿ ಇಬ್ಬರೂ ಒಪ್ಪಿದ್ದಾರೆ. ಅವರ ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿದ್ದೇನೆ.

ಮೊದಲ ಭೇಟಿಯಲ್ಲಿ ಮಾತನಾಡಿದವರು ಹೆಂಡತಿಯೇ. "ಇವರು ಊಟಕ್ಕೆ ಕೂತು ಎರಡು ತಿಂಗಳಾಯಿತು ಮೇಡಂ. ನಾವು ಉಣ್ಣುವಾಗ ಅಂಗಳಕ್ಕೆ ಹೋಗಿ ನಿಲ್ಲುತ್ತಾರೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಮೊಬೈಲಿನಲ್ಲಿ ಅಡುಗೆಯ ವಿಡಿಯೋ ನೋಡುತ್ತಾರೆ" ಎಂದರು. ರೈಟರ್ ತಲೆ ತಗ್ಗಿಸಿ ಕೂತಿದ್ದರು. ಅಕ್ಟೋಬರಿನಲ್ಲಿ ಅವರಿಗೆ ಸಕ್ಕರೆ ಕಾಯಿಲೆ ಇರುವುದು ಪತ್ತೆಯಾಗಿತ್ತು. ಆಗ ಎತ್ತರ 168 ಸೆಂಟಿಮೀಟರ್, ತೂಕ 86 ಕಿಲೋ, ಸೊಂಟದ ಸುತ್ತಳತೆ 104 ಸೆಂಟಿಮೀಟರ್. ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಸುವ ಎಚ್‌ಬಿಎ1ಸಿ 8.9. ಭಾರತೀಯ ಗಂಡಸರಿಗೆ ಸೊಂಟದ ಸುತ್ತಳತೆ 90 ಸೆಂಟಿಮೀಟರ್ ಮೀರಬಾರದು ಎಂಬ ಅಳತೆಯಿದೆ, ಎತ್ತರಕ್ಕೆ ಹೋಲಿಸಿ ತೂಕವನ್ನು ಅಳೆಯುವ ದೇಹತೂಕ ಸೂಚ್ಯಂಕ 25 ದಾಟಿದರೆ ನಮ್ಮಲ್ಲಿ ಬೊಜ್ಜು ಎಂದೇ ಎಣಿಸುತ್ತಾರೆ. ಅವರದು 30 ದಾಟಿತ್ತು. ಆದ್ದರಿಂದ ಅವರು ತೂಕ ಇಳಿಸಲು ಹೊರಟದ್ದು ತಪ್ಪಲ್ಲ ಎಂಬುದನ್ನು ನಾನು ಮೊದಲೇ ಸ್ಪಷ್ಟವಾಗಿ ಹೇಳಿದೆ. ಬರೀ ಸಂಕೋಚದಿಂದ "ನೀವು ಇರುವ ಹಾಗೆಯೇ ಚೆನ್ನಾಗಿದ್ದೀರಿ" ಎಂದುಬಿಡುವುದು ಸಕ್ಕರೆ ಕಾಯಿಲೆ ಇರುವವರಿಗೆ ಮಾಡುವ ಉಪಕಾರವಲ್ಲ.

ಆದರೆ ಅವರು ಇಳಿಸಿದ ರೀತಿ ಅಪಾಯದ್ದಾಗಿತ್ತು. ನವೆಂಬರ್ ಮಧ್ಯದಿಂದ ಅವರು ಮೊಬೈಲಿನ ಲೆಕ್ಕದ ಪ್ರಕಾರ ದಿನಕ್ಕೆ 850 ಕ್ಯಾಲೊರಿಗಿಂತ ಹೆಚ್ಚು ತಿನ್ನುತ್ತಿರಲಿಲ್ಲ. ಬೆಳಿಗ್ಗೆ ಬರೀ ಕರಿ ಕಾಫಿ, ಮಧ್ಯಾಹ್ನ ಸೌತೆಕಾಯಿ ಮತ್ತು ಒಂದು ಲೋಟ ಮಜ್ಜಿಗೆ, ರಾತ್ರಿ ಎರಡು ಚಪಾತಿ ಮತ್ತು ಸ್ವಲ್ಪ ಪಲ್ಯ. ಅವರ ಎತ್ತರ, ತೂಕ ಮತ್ತು ವಯಸ್ಸಿನ ಗಂಡಸು ಇಡೀ ದಿನ ಹಾಸಿಗೆಯಲ್ಲಿ ಮಲಗಿದ್ದರೂ ಉಸಿರಾಟ, ಹೃದಯ, ಮಿದುಳು, ಪಿತ್ತಜನಕಾಂಗ ಇವುಗಳ ಕೆಲಸಕ್ಕೇ ಸುಮಾರು 1,600ರಿಂದ 1,700 ಕ್ಯಾಲೊರಿ ಬೇಕು. ಬೆಳಿಗ್ಗೆ ಆಳುಗಳ ಹಾಜರಿ ಹಾಕುವ ಚೆಕ್ ರೋಲ್‌ನಿಂದ ಹಿಡಿದು ಸಂಜೆಯ ತೂಕದವರೆಗೆ ತೋಟದ ಏರುತಗ್ಗುಗಳಲ್ಲಿ ನಡೆಯುವವರಿಗೆ 2,400ರ ಆಸುಪಾಸು ಬೇಕಾಗುತ್ತದೆ. ದಿನಕ್ಕೆ 800 ಕ್ಯಾಲೊರಿಗಿಂತ ಕಡಿಮೆಯ ಪಥ್ಯವನ್ನು ವೈದ್ಯರ ನೇರ ನಿಗಾ ಇಲ್ಲದೆ ಯಾರೂ ಮಾಡಬಾರದು. ಇವರು ಆ ಗೆರೆಯ ಅಂಚಿನಲ್ಲಿ, ಯಾರ ನಿಗಾವೂ ಇಲ್ಲದೆ ಎಂಟು ವಾರ ಕಳೆದಿದ್ದರು. ತೂಕ 77 ಕಿಲೋಗೆ ಬಂದಿತ್ತು.

ಕುಸಿದು ಬಿದ್ದುದಕ್ಕೆ ಹಸಿವೊಂದೇ ಕಾರಣವಲ್ಲ. ಅವರು ಮೆಟ್‌ಫಾರ್ಮಿನ್ ಜೊತೆಗೆ ಗ್ಲಿಮೆಪಿರೈಡ್ ಮಾತ್ರೆಯನ್ನೂ ಸಕ್ಕರೆ ಇಳಿಸಲು ನುಂಗುತ್ತಿದ್ದರು. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಂಡರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುವುದು ಅಪರೂಪ. ಗ್ಲಿಮೆಪಿರೈಡ್ ಹಾಗಲ್ಲ, ಅದು ಊಟವಾಗಿದೆಯೋ ಇಲ್ಲವೋ ಎಂದು ನೋಡದೆ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ. ಮಾತ್ರೆ ಬರೆದುಕೊಟ್ಟವರು "ಹೊತ್ತಿಗೆ ಸರಿಯಾಗಿ ಊಟ ಮಾಡಿ" ಎಂದು ಹೇಳಿದ್ದರಂತೆ, ಆದರೆ ಏಕೆ ಎಂಬುದನ್ನು ವಿವರಿಸಿರಲಿಲ್ಲ. ಇವರು ಅದನ್ನು ಹಿರಿಯರು ಹೇಳುವ ಬುದ್ಧಿಮಾತು ಎಂದುಕೊಂಡು ಬಿಟ್ಟಿದ್ದರು. ಇದಕ್ಕೆ ಸೇರಿದ್ದು ರಾತ್ರಿಯ ಕುಡಿತ. ಊಟ ಬಿಟ್ಟರೂ ವಾರಕ್ಕೆ ಮೂರು ನಾಲ್ಕು ರಾತ್ರಿ ಎರಡು ಪೆಗ್ ಬಿಟ್ಟಿರಲಿಲ್ಲ. ಮದ್ಯದ ಒಂದು ಗ್ರಾಂಗೆ 7 ಕ್ಯಾಲೊರಿ, ಹಾಗಾಗಿ ಎರಡು ದೊಡ್ಡ ಪೆಗ್ ಎಂದರೆ ಸುಮಾರು 280; ಅಷ್ಟನ್ನು ಲೆಕ್ಕಕ್ಕೆ ಸರಿದೂಗಿಸಲು ಅವರು ಚಪಾತಿಯನ್ನೂ ಕೈಬಿಡುತ್ತಿದ್ದರು. ಮದ್ಯವನ್ನು ಅರಗಿಸುತ್ತಿರುವ ಪಿತ್ತಜನಕಾಂಗವು ಹೊಸ ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡುವ ಕೆಲಸದಲ್ಲಿ ಹಿಂದೆ ಬೀಳುತ್ತದೆ. ಖಾಲಿ ಹೊಟ್ಟೆ, ಗ್ಲಿಮೆಪಿರೈಡ್ ಮತ್ತು ಮದ್ಯ ಈ ಮೂರೂ ಕೂಡಿದಾಗ ನಿದ್ದೆಯಲ್ಲೇ ಪ್ರಜ್ಞೆ ತಪ್ಪುವ ಸಾಧ್ಯತೆಯಿದೆ ಎಂಬುದನ್ನು ಇಬ್ಬರಿಗೂ ಬಿಡಿಸಿ ಹೇಳಿದಾಗ ಅವರ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಬೆಳಿಗ್ಗೆ ಖಾಲಿ ಹೊಟ್ಟೆಗೆ ಅವರು ಎರಡು ಚಮಚ ಕಾಚಂಪುಳಿಯನ್ನು ನೀರಿನಲ್ಲಿ ಕಲಸಿ ಕುಡಿಯುತ್ತಿದ್ದುದೂ ಮಾತಿನ ನಡುವೆ ತಿಳಿಯಿತು. ನಮ್ಮ ಅಡುಗೆಮನೆಯ ಈ ಕಪ್ಪು ಹುಳಿ ಯಾವ ಮರದ ಹಣ್ಣಿನದೋ ಅದೇ ಮರದ ಸಾರವನ್ನು ಗಾರ್ಸೀನಿಯ ಎಂಬ ಹೆಸರಿನಲ್ಲಿ ಕೊಬ್ಬು ಕರಗಿಸುವ ಕ್ಯಾಪ್ಸೂಲ್ ಎಂದು ಮಾರುತ್ತಾರೆ. 1998ರಲ್ಲಿ ಪ್ರಕಟವಾದ, 135 ಮಂದಿಯ ಮೇಲೆ 12 ವಾರ ನಡೆದ ಅಮೆರಿಕದ ಪರೀಕ್ಷೆಯೊಂದರಲ್ಲಿ ಆ ಸಾರವು ಔಷಧಿಯೇ ಇಲ್ಲದ ಸುಳ್ಳು ಮಾತ್ರೆಗಿಂತ ಹೆಚ್ಚಿನ ಪರಿಣಾಮ ತೋರಲಿಲ್ಲ. ಅಂಥ ಕ್ಯಾಪ್ಸೂಲ್‌ಗಳನ್ನು ನುಂಗಿದ ಕೆಲವರಲ್ಲಿ ಪಿತ್ತಜನಕಾಂಗಕ್ಕೆ ಪೆಟ್ಟಾದದ್ದು ವರದಿಯಾಗಿದೆ. ಹಂದಿ ಮಾಂಸದ ಪಂದಿ ಕರಿಗೆ ಒಂದು ಚಮಚ ಹಾಕುವುದಕ್ಕೂ, ಖಾಲಿ ಹೊಟ್ಟೆಗೆ ಔಷಧಿಯಂತೆ ದಿನವೂ ಸುರಿಯುವುದಕ್ಕೂ ವ್ಯತ್ಯಾಸವಿದೆ. ಎದೆಯುರಿ ಮತ್ತು ಹಲ್ಲು ಜುಮ್ಮೆನ್ನುವುದು ಅವರಿಗೆ ಆಗಲೇ ಶುರುವಾಗಿತ್ತು. ಆ ಅಭ್ಯಾಸವನ್ನು ಅಂದೇ ನಿಲ್ಲಿಸಲು ಹೇಳಿದೆ.

ಎರಡನೆಯ ಭೇಟಿಗೆ ಅವರೊಬ್ಬರೇ ಬಂದರು. ಹಸಿವಾದಾಗ ಮನಸ್ಸಿಗೆ ಏನನ್ನಿಸುತ್ತದೆ ಎಂದು ಕೇಳಿದೆ. ಬಹಳ ಹೊತ್ತಿನ ಮೇಲೆ, "ಸಮಾಧಾನ ಆಗುತ್ತದೆ ಮೇಡಂ" ಎಂದರು. ಅವರ ಅಣ್ಣನಿಗೂ ಸಕ್ಕರೆ ಕಾಯಿಲೆಯಿತ್ತು. ಕಾಲಿನ ಹುಣ್ಣು ಮಾಯದೆ ಪಾದ ತೆಗೆಯಬೇಕಾಯಿತು, ಎರಡು ವರ್ಷದ ಮೇಲೆ ಹೋಗಿಬಿಟ್ಟರು. ಮನೆಯವರೆಲ್ಲ ಪಥ್ಯ ಹೇಳುತ್ತಿದ್ದಾಗ ಅಣ್ಣನ ಮುಖ ನೋಡಲಾರದೆ ಕದ್ದು ಪಂದಿ ಕರಿ, ಒಮ್ಮೊಮ್ಮೆ ಅರ್ಧ ಬಾಟಲಿ ತಂದು ಕೊಡುತ್ತಿದ್ದವರು ಈ ತಮ್ಮ. ತನಗೂ ಅದೇ ಕಾಯಿಲೆ ಬಂದಿದೆ ಎಂದು ತಿಳಿದ ದಿನ ಅವರಿಗೆ ಹೆದರಿಕೆಗಿಂತ ಮೊದಲು ಹೊಳೆದದ್ದು, ಇದು ತನಗೆ ಬರಬೇಕಾದದ್ದೇ ಎಂಬ ಮಾತು.

ಇಲ್ಲಿ ಅವಸರ ಮಾಡಿ "ನಿಮ್ಮದೇನೂ ತಪ್ಪಿಲ್ಲ" ಎಂದುಬಿಡುವುದು ಸುಲಭವಿತ್ತು, ಆದರೆ ಅವರು ಅದನ್ನು ನಂಬುತ್ತಿರಲಿಲ್ಲ. ನಾನು ಕಾಯಿಲೆಯ ದಾರಿಯನ್ನು ಮಾತ್ರ ಹೇಳಿದೆ. ಪಾದ ಹೋಗುವುದು ಯಾವುದೋ ಒಂದೆರಡು ಊಟದಿಂದಲ್ಲ. ಹಲವು ವರ್ಷ ಏರಿಯೇ ಇದ್ದ ಸಕ್ಕರೆಯಿಂದ ನರಗಳು ಸೊರಗಿ ಗಾಯದ ನೋವು ತಿಳಿಯದಂತಾಗಿ, ರಕ್ತನಾಳಗಳು ಕಿರಿದಾಗಿ, ಗಾಯಕ್ಕೆ ಸಮಯಕ್ಕೆ ಸರಿಯಾಗಿ ಚಿಕಿತ್ಸೆ ಸಿಗದೆ ಹೋದಾಗ. ಅಣ್ಣ ದಿನಕ್ಕೆ ಎರಡು ಕಟ್ಟು ಬೀಡಿ ಸೇದುತ್ತಿದ್ದರು ಎಂಬುದನ್ನು ಅವರೇ ಆಗ ನೆನಪಿಸಿಕೊಂಡರು. ನೀವು ತಂದುಕೊಟ್ಟದ್ದು ಒಳ್ಳೆಯದಾಗಿರಲಿಲ್ಲ, ಆದರೆ ಅದನ್ನು ತಂದದ್ದು ಪ್ರೀತಿಯಿಂದ, ಮತ್ತು ಅಣ್ಣನ ಕಾಲಿಗೆ ಕಾರಣ ಅದೊಂದೇ ಆಗಿರಲು ಸಾಧ್ಯವಿಲ್ಲ ಎಂದೆ. ಬದುಕಿರಲು ಬೇಸರವೆನಿಸುತ್ತದೆಯೇ, ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿಯೇ ಕೇಳಿದೆ. ಇಲ್ಲ ಎಂದರು. ಆದರೂ ರಾತ್ರಿ ಹೊತ್ತು ಮನಸ್ಸು ತೀರಾ ಕೆಟ್ಟರೆ ಕರೆ ಮಾಡಲು ಸರ್ಕಾರದ ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಯನ್ನು ಅವರ ಚೆಕ್ ರೋಲ್ ಪುಸ್ತಕದ ರಟ್ಟಿನ ಮೇಲೆ ಬರೆಸಿದೆ.

ಆಳುಗಳ ಮೇಲೆ ರೇಗುವುದು, ಅಡುಗೆಯ ವಿಡಿಯೋ ನೋಡುವುದು, ನೆಂಟರ ಮದುವೆಯಲ್ಲಿ ಕೈತಡೆಯಲಾರದೆ ಅಕ್ಕಿ ತರಿಯ ಉಂಡೆ ಕಡಂಬುಟ್ಟನ್ನು ಒಂದರ ಮೇಲೊಂದು ತಿಂದು ಮರುದಿನವೆಲ್ಲ ಉಪವಾಸ ಬಿದ್ದದ್ದು, ಇವೆಲ್ಲ ತಮ್ಮ ಚಪಲ ಎಂದು ಅವರು ನಾಚಿಕೊಂಡಿದ್ದರು. ಅವರಿಗೆ 1944–45ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಏನ್ಸೆಲ್ ಕೀಸ್ ಎಂಬ ವಿಜ್ಞಾನಿ ನಡೆಸಿದ ಪ್ರಯೋಗದ ಕಥೆ ಹೇಳಿದೆ. ಸ್ವಇಚ್ಛೆಯಿಂದ ಬಂದ 36 ಆರೋಗ್ಯವಂತ ತರುಣರಿಗೆ 24 ವಾರ ದಿನಕ್ಕೆ ಸುಮಾರು 1,570 ಕ್ಯಾಲೊರಿ ಮಾತ್ರ ಕೊಟ್ಟಾಗ, ಅವರು ಹಗಲಿರುಳು ಊಟದ ವಿಷಯವನ್ನೇ ಯೋಚಿಸತೊಡಗಿದರು. ಕೆಲವರು ಅಡುಗೆ ಪುಸ್ತಕ ಕೂಡಿಸಿಟ್ಟರು, ಸಿಡುಕು ಮತ್ತು ಖಿನ್ನತೆ ಹೆಚ್ಚಿತು, ನಾಡಿ ಬಡಿತ ನಿಧಾನವಾಯಿತು. ಆ ತರುಣರಿಗೆ ಸಿಕ್ಕದ್ದು ಇವರು ತಿನ್ನುತ್ತಿದ್ದುದರ ಹತ್ತಿರಹತ್ತಿರ ಎರಡರಷ್ಟು. ಇದನ್ನು ಕೇಳಿದ ಮೇಲೆ ಅವರು ಮೊದಲ ಸಲ ಬೆನ್ನು ನೆಟ್ಟಗೆ ಮಾಡಿ ಕೂತರು.

ಅವರ ಇನ್ನೊಂದು ಗುಟ್ಟು, ಸಂಜೆ ಆಳುಗಳೆಲ್ಲ ಹೋದ ಮೇಲೆ ಗೋದಾಮಿನ ಕಾಫಿ ತಕ್ಕಡಿಯ ಮೇಲೆ ತಾವೇ ನಿಂತು ದಿನವೂ ತೂಕ ನೋಡುತ್ತಿದ್ದದ್ದು. ಮೊದಲ ವಾರದಲ್ಲೇ ಮೂರು ಕಿಲೋ ಇಳಿದಿತ್ತು, ಆಮೇಲೆ ಅಷ್ಟು ಇಳಿಯದಾದಾಗ ಊಟವನ್ನು ಇನ್ನೂ ಕಡಿಮೆ ಮಾಡಿದ್ದರು. "ಕಣದಲ್ಲಿ ಹರವಿದ ಹಣ್ಣಿನ ತೂಕ ಮೊದಲ ದಿನಗಳಲ್ಲಿ ಇಳಿಯುವುದು ಏಕೆ?" ಎಂದು ಕೇಳಿದೆ. "ನೀರು ಹೋಗುತ್ತದೆ" ಎಂದರು. ದೇಹದಲ್ಲೂ ಹಾಗೆಯೇ: ಪಿತ್ತಜನಕಾಂಗ ಮತ್ತು ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆಯ ದಾಸ್ತಾನು, ಅಂದರೆ ಗ್ಲೈಕೋಜೆನ್, ತನ್ನ ಜೊತೆಗೆ ಸುಮಾರು ಮೂರು ಪಟ್ಟು ನೀರನ್ನು ಹಿಡಿದುಕೊಂಡಿರುತ್ತದೆ, ಊಟ ಬಿಟ್ಟ ಮೊದಲ ದಿನಗಳಲ್ಲಿ ಕರಗುವುದು ಅದು. ಒಂದು ಕಿಲೋ ಕೊಬ್ಬು ಇಳಿಯಬೇಕಾದರೆ ಸುಮಾರು 7,700 ಕ್ಯಾಲೊರಿಯ ಕೊರತೆ ಬೇಕು. ದಿನಕ್ಕೆ 500ರಂತೆ ಕಡಿಮೆ ಮಾಡಿದರೆ ಎರಡು ವಾರಕ್ಕೆ ಸುಮಾರು ಒಂದು ಕಿಲೋ, ತೂಕ ಇಳಿದಂತೆ ಅದೂ ನಿಧಾನವಾಗುತ್ತದೆ. ಅದಕ್ಕಿಂತ ಬಹಳ ಬೇಗ ಇಳಿಸಿದರೆ ಕೊಬ್ಬಿನ ಜೊತೆಗೆ ಸ್ನಾಯುವೂ ಕರಗುತ್ತದೆ, ಪಿತ್ತಕೋಶದಲ್ಲಿ ಕಲ್ಲು ಕಟ್ಟುವ ಸಂಭವ ಹೆಚ್ಚುತ್ತದೆ, ಎರಡು ಮೂರು ತಿಂಗಳ ಮೇಲೆ ಕೂದಲು ಉದುರುತ್ತದೆ.

ನಾನು ವೈದ್ಯೆಯಲ್ಲ, ಆಹಾರ ತಜ್ಞೆಯೂ ಅಲ್ಲ. ಆದ್ದರಿಂದ ನಾನು ಕೊಟ್ಟ ಮೊದಲ ಸಲಹೆ, ಊಟದಲ್ಲಿ ಏನನ್ನು ಕಡಿಮೆ ಮಾಡುವುದಾದರೂ ಮಾತ್ರೆ ಬರೆದವರಿಗೆ ಮೊದಲು ತಿಳಿಸಬೇಕು ಎಂಬುದು. ಅವರು ಹೋಗಿ ತಿಳಿಸಿದ ಮೇಲೆ ವೈದ್ಯರು ಗ್ಲಿಮೆಪಿರೈಡ್ ನಿಲ್ಲಿಸಿ ಮೆಟ್‌ಫಾರ್ಮಿನ್ ಮಾತ್ರ ಮುಂದುವರಿಸಿದರು. ಮಾತ್ರೆಯನ್ನು ತಾವಾಗಿಯೇ ಬಿಡುವುದೂ ಅಷ್ಟೇ ಅಪಾಯ ಎಂಬುದನ್ನು ಇಲ್ಲಿ ಹೇಳಲೇಬೇಕು. ಆಹಾರ ತಜ್ಞೆ ದಿನಕ್ಕೆ 2,000 ಕ್ಯಾಲೊರಿಯ ಆಸುಪಾಸಿನ ಊಟ ಬರೆದುಕೊಟ್ಟರು. ಅದರಲ್ಲಿ ಅಕ್ಕಿ ರೊಟ್ಟಿಯೂ ಇತ್ತು, ಒತ್ತು ಶಾವಿಗೆಯಂಥ ನೂಪುಟ್ಟೂ ಇತ್ತು; ಬದಲಾದದ್ದು ಪ್ರಮಾಣ ಮತ್ತು ಜೊತೆ. ಬೆಳಿಗ್ಗೆ ಎರಡು ರೊಟ್ಟಿ, ಒಂದು ಮೊಟ್ಟೆ, ಸೊಪ್ಪಿನ ಪಲ್ಯ. ಹತ್ತು ಗಂಟೆಗೆ ಬೇಯಿಸಿದ ಹೆಸರುಕಾಳು. ಮಧ್ಯಾಹ್ನ ತಟ್ಟೆಯ ಅರ್ಧ ತರಕಾರಿ, ಕಾಲು ಭಾಗ ಅನ್ನ, ಕಾಲು ಭಾಗ ಬೇಳೆ, ಮೀನು ಅಥವಾ ಕೋಳಿ. ಪಂದಿ ವಾರಕ್ಕೊಮ್ಮೆ, ಕೊಬ್ಬಿನ ತುಂಡು ಬದಿಗಿಟ್ಟು. ಬೆಲ್ಲದ ಕಾಫಿ ಬೇಡ. ಬೆಲ್ಲ ಸಕ್ಕರೆಗಿಂತ ಸೌಮ್ಯ ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ, ಆದರೆ ರಕ್ತದ ಸಕ್ಕರೆಯನ್ನು ಎರಡೂ ಏರಿಸುತ್ತವೆ.

ನನ್ನ ಪಾಲಿನ ಸಲಹೆಗಳು ಇಷ್ಟು. ತೂಕವನ್ನು ವಾರಕ್ಕೊಮ್ಮೆ ಬೆಳಿಗ್ಗೆ ನೋಡಬೇಕು, ಕಾಫಿ ತಕ್ಕಡಿಯ ಮೇಲೆ ನಿಲ್ಲಬಾರದು. ಕುಡಿತವನ್ನು ಸದ್ಯಕ್ಕೆ ನಿಲ್ಲಿಸಬೇಕು. ಜೇಬಿನಲ್ಲಿ ಗ್ಲೂಕೋಸ್ ಪುಡಿಯ ಪೊಟ್ಟಣವಿರಬೇಕು; ನಡುಕ, ಬೆವರು, ಗೊಂದಲ ಕಂಡು ಸಕ್ಕರೆ 70ಕ್ಕಿಂತ ಕೆಳಗಿದ್ದರೆ 15 ಗ್ರಾಂ ತೆಗೆದುಕೊಂಡು 15 ನಿಮಿಷದ ಮೇಲೆ ಮತ್ತೆ ಪರೀಕ್ಷಿಸಬೇಕು, ಅಳೆಯುವ ಸಾಧನ ಕೈಗೆ ಸಿಗದಿದ್ದರೆ ಕಾಯದೆ ತೆಗೆದುಕೊಳ್ಳಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಸಾಗಿಸಬೇಕೆಂಬುದನ್ನು ತೋಟದ ಮೇಸ್ತ್ರಿಗೂ ಹೇಳಿಟ್ಟಿರಬೇಕು. ಹೆಂಡತಿ ತಟ್ಟೆ ಕಾಯುವ ಪೊಲೀಸರಾಗಬಾರದು. ಎಲ್ಲರೂ ಒಟ್ಟಿಗೆ ಕೂತು ಒಂದೇ ಅಡುಗೆ ಉಣ್ಣಬೇಕು, ಊಟದ ಹೊತ್ತಿನಲ್ಲಿ ತೂಕದ ಮಾತು ಎತ್ತಬಾರದು. "ಇವರನ್ನು ಬಿಟ್ಟು ನಾವು ಉಣ್ಣುವುದೇ ನನಗೆ ದೊಡ್ಡ ಶಿಕ್ಷೆಯಾಗಿತ್ತು" ಎಂದರು ಆಕೆ.

ಸರಿಯಾಗಿ ಉಣ್ಣಲು ಆರಂಭಿಸಿದ ಎರಡನೇ ವಾರದಲ್ಲಿ ತೂಕ ಎರಡು ಕಿಲೋ ಏರಿತು, ಅವರು ಗಾಬರಿಯಾಗಿ ಕರೆ ಮಾಡಿದರು. ಹಿಂದಿರುಗಿ ಬಂದದ್ದು ನೀರು ಎಂದು ನೆನಪಿಸಬೇಕಾಯಿತು. ಒಮ್ಮೆ ಮಧ್ಯೆ ಮತ್ತೆ ಎರಡು ದಿನ ಊಟ ಬಿಟ್ಟರು. ಅದು ಅಣ್ಣನ ಹುಟ್ಟೂರಿನ ಹಬ್ಬದ ವಾರ. ಏಪ್ರಿಲ್ ಕೊನೆಯಲ್ಲಿ ಬಂದಾಗ ತೂಕ 76, ಎಚ್‌ಬಿಎ1ಸಿ 6.8, ಸಕ್ಕರೆ ಒಮ್ಮೆಯೂ 70ಕ್ಕಿಂತ ಕೆಳಗಿಳಿದಿರಲಿಲ್ಲ. ಅಣ್ಣನ ವರ್ಷದ ದಿನ ತಾವೇ ಪಂದಿ ಕರಿ ಮಾಡಿ ಎಡೆ ಇಟ್ಟದ್ದನ್ನು ಹೇಳಿದರು. ಆಮೇಲೆ ಏನು ಮಾಡಿದಿರಿ ಎಂದು ಕೇಳಿದೆ. "ಎಲ್ಲರ ಜೊತೆ ಕೂತೆ ಮೇಡಂ. ಎರಡು ಕಡಂಬುಟ್ಟು, ನಾಲ್ಕು ತುಂಡು. ಅಂಗಳಕ್ಕೆ ಹೋಗಲಿಲ್ಲ" ಎಂದರು. ಮುಂದಿನ ಭೇಟಿಯನ್ನು ಮಳೆಗಾಲದ ಕಕ್ಕಡ ತಿಂಗಳು ಕಳೆದ ಮೇಲೆ ಇಟ್ಟುಕೊಂಡಿದ್ದೇವೆ.